ಬಾವುಟ ಒಂದು ದೇಶದ್ದು, ಹಡಗಿನ ಹೊಣೆ ಯಾರದು?

2011ರ ಮಳೆಗಾಲವನ್ನು ಜುಹೂ ಕಡೆಯ ನಮ್ಮ ವಾಚಕರು ಮರೆತಿರಲಾರರು. ಒಡೆಯುವುದಕ್ಕೆಂದು ಅಲಂಗಿಗೆ ಎಳೆದೊಯ್ಯಲಾಗುತ್ತಿದ್ದ ‘ವಿಸ್ಡಮ್’ ಎಂಬ ಹಡಗು ಆ ಜೂನ್ ತಿಂಗಳಲ್ಲಿ ಹಗ್ಗ ಕಡಿದುಕೊಂಡು ಬಂದು ಅಲ್ಲಿಯ ಮರಳಿನಲ್ಲಿ ಕುಳಿತಿತು. ಅದನ್ನು ಸಾಗಿಸಿ ಹೆಚ್ಚು ದಿನ ಕಳೆಯುವ ಮುನ್ನವೇ, ಒಮಾನಿನ ಕಡಲಿನಲ್ಲಿ ನಾವಿಕರು ತೊರೆದುಹೋಗಿದ್ದ ‘ಪವಿತ್’ ಎಂಬ ತೈಲನೌಕೆಯು ಜನರಹಿತವಾಗಿ ತೇಲುತ್ತ ಬಂದು ಜುಲೈ 31ರಂದು ಅದೇ ತೀರವನ್ನು ಸೇರಿತು. ಆಗಸ್ಟಿನಲ್ಲಿ ಕಲ್ಲಿದ್ದಲು ಹೊತ್ತ ‘ರಾಕ್ ಕ್ಯಾರಿಯರ್’ ಮುಂಬಯಿಯ ಹೊರಗಡಲಿನಲ್ಲಿ ಮುಳುಗಿತು. ಕೊನೆಯ ಎರಡರ ಮೇಲೂ ಪನಾಮಾದ ಬಾವುಟವಿತ್ತು.

2025ರ ಮೇ 25ರಂದು ಕೇರಳದ ಕಡಲಿನಲ್ಲಿ ಮುಳುಗಿದ ‘ಎಂ. ಎಸ್. ಸಿ. ಎಲ್ಸಾ 3’ರ ಮೇಲಿದ್ದುದು ಲೈಬೀರಿಯದ ಬಾವುಟ. 1997ರಲ್ಲಿ ಕಟ್ಟಿದ ಈ ಹಡಗು ಹೊರಟದ್ದು ವಿಳಿಂಜಂನಿಂದ, ಸೇರಬೇಕಾದದ್ದು ಕೊಚ್ಚಿಯನ್ನು. ಎರಡೂ ನಮ್ಮ ಬಂದರುಗಳೇ ಎಂಬುದನ್ನು ಗಮನಿಸಬೇಕು. ಅದರಲ್ಲಿ 640 ಕಂಟೇನರುಗಳಿದ್ದವು. 12ರಲ್ಲಿ ನೀರು ತಾಗಿದೊಡನೆ ಉರಿಯುವ ಅನಿಲವನ್ನು ಬಿಡುವ ಕ್ಯಾಲ್ಸಿಯಂ ಕಾರ್ಬೈಡು. 24 ಮಂದಿ ಸಿಬ್ಬಂದಿಯೂ ಬದುಕಿದರೆಂಬುದೇ ಸಮಾಧಾನ. ಆದರೆ ಪ್ಲಾಸ್ಟಿಕ್ ಕಾಳುಗಳು ತೀರವನ್ನು ತುಂಬಿ, ಮೀನುಗಾರರ ಬಲೆ ಬರಿದಾಯಿತು.

ಹಡಗೊಂದಕ್ಕೆ ಬಾವುಟ ದೊರೆಯುವ ಬಗೆ ಯಾವುದು? ಮನುಷ್ಯನಿಗೆ ಪೌರತ್ವವಿರುವಂತೆ ಹಡಗಿಗೂ ಒಂದು ದೇಶದ ನೋಂದಣಿ ಇರಲೇಬೇಕು. ನೋಂದಾಯಿಸಿಕೊಂಡ ದೇಶವೇ ಅದರ ದೃಢತೆ, ಹೇರಿಕೆಯ ಮಿತಿ, ಸಿಬ್ಬಂದಿಯ ಅರ್ಹತೆ ಇವೆಲ್ಲವುಗಳಿಗೆ ಹೊಣೆಯೆಂದು 1982ರ ಸಮುದ್ರ ಕಾನೂನಿನ ಒಡಂಬಡಿಕೆಯು ವಿಧಿಸಿದೆ. ವಿಧಿಯೇನೋ ಚೆನ್ನಾಗಿದೆ. ಆದರೆ ಮಾಲಿಕನು ಯುರೋಪಿನವನಾಗಿದ್ದು, ನಾವಿಕರು ಭಾರತ, ಫಿಲಿಪೈನ್ಸಿನವರಾಗಿದ್ದು, ಬಾವುಟ ಮಾತ್ರ ಲೈಬೀರಿಯದ್ದಾಗಿರುವುದು ಇಂದು ಸರ್ವಸಾಧಾರಣ. ಆ ಲೈಬೀರಿಯದ ನೌಕಾ ದಫ್ತರವಾದರೂ ನಡೆಯುವುದು ಆಫ್ರಿಕದಲ್ಲಲ್ಲ, ಅಮೇರಿಕದ ವರ್ಜೀನಿಯದಲ್ಲಿ! ಲೈಬೀರಿಯ, ಪನಾಮಾ, ಮಾರ್ಷಲ್ ದ್ವೀಪಗಳು ಈ ಮೂರರ ಬಾವುಟದಡಿಯಲ್ಲಿಯೇ ಜಗತ್ತಿನ ಹಡಗು ಸಾಮರ್ಥ್ಯದ ಶೇಕಡ 40ಕ್ಕೂ ಮಿಕ್ಕ ಪಾಲು ಇದೆ. ತೆರಿಗೆ ಕಡಿಮೆ, ಮಾಲಿಕನ ಹೆಸರು ಮರೆಯಲ್ಲಿರುತ್ತದೆ ಎಂಬುದೇ ಆಕರ್ಷಣೆ.

ಹೋಟೆಲು ನಡೆಸಿದ ನಮ್ಮಂತಹವರಿಗೆ ಇದು ವಿಚಿತ್ರವಾಗಿ ತೋರದಿರದು. ದಾದರಿನಲ್ಲಿ ಅಂಗಡಿ, ಪರವಾನಿಗೆ ಮಾತ್ರ ಪರದ್ವೀಪದ್ದು ಎಂದರೆ ಮ್ಯುನಿಸಿಪಾಲಿಟಿಯ ಇನ್‌ಸ್ಪೆಕ್ಟರನು ಒಪ್ಪಿಯಾನೇ? ಅವನು ಅಡಿಗೆಮನೆಗೇ ನುಗ್ಗುತ್ತಾನೆ. ಕಡಲಿನಲ್ಲಿಯೂ ಅಂತಹ ಇನ್‌ಸ್ಪೆಕ್ಟರನಿಲ್ಲದಿಲ್ಲ. ಬಾವುಟ ಯಾವುದೇ ಇರಲಿ, ಹಡಗು ತಂಗಿದ ಬಂದರಿನ ಸರಕಾರ ಅದನ್ನು ಹತ್ತಿ ನೋಡಬಹುದು. ದೋಷ ಗುರುತರವಾಗಿದ್ದರೆ ತಡೆದಿಡಬಹುದು. ಹಿಂದೂ ಮಹಾಸಾಗರದ ದೇಶಗಳು ಇದಕ್ಕಾಗಿ 1998ರಲ್ಲಿ ಒಪ್ಪಂದ ಮಾಡಿಕೊಂಡಿದ್ದು, ಅದರ ಕಾರ್ಯಾಲಯವು ಗೋವೆಯಲ್ಲಿದೆ. ನಮ್ಮಲ್ಲಿ ಈ ಕಾರ್ಯದ ಮೇಲ್ವಿಚಾರಣೆ ಕಾಂಜೂರ್ ಮಾರ್ಗದಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ್ದು. ಆದರೆ ಬಂದ ಹಡಗುಗಳನ್ನೆಲ್ಲ ನೋಡುವುದು ಯಾವ ದೇಶಕ್ಕೂ ಸಾಧ್ಯವಿಲ್ಲ, ಕೆಲವನ್ನು ಆರಿಸಿ ನೋಡುತ್ತಾರೆ. ಪವಿತ್‌ನಂತೆ ಯಾವ ಬಂದರಿಗೂ ಬಾರದೆ ತೇಲುವ ಹಡಗಿಗೆ ಈ ಉಪಾಯವೂ ನಿಷ್ಪ್ರಯೋಜಕ.

ನಷ್ಟವಾದ ಮೇಲೆ ಕೇಳುವುದು ಯಾರನ್ನು? ಎಲ್ಸಾ ಪ್ರಕರಣದಲ್ಲಿ ಕೇರಳ ಸರಕಾರವು 9,531 ಕೋಟಿ ರೂಪಾಯಿಗಳ ದಾವೆ ಹೂಡಿ, ಅದೇ ಸಮೂಹದ ಇನ್ನೊಂದು ಹಡಗನ್ನು ನ್ಯಾಯಾಲಯದ ಮೂಲಕ ತಡೆಯಿಸಿತು. ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ಸುಮಾರು 1,227 ಕೋಟಿಯ ಜಾಮೀನು ವಿಧಿಸಿತು. ಹಡಗು ಕೈಗೆ ಸಿಕ್ಕಿದ್ದರಿಂದ ಇಷ್ಟಾದರೂ ಆಯಿತು. ಇರುವ ಒಂದೇ ಹಡಗನ್ನು ಮುಳುಗಿಸಿಕೊಂಡ ಬಡ ಕಂಪನಿಯಾಗಿದ್ದರೆ ಬಾವುಟದ ದೇಶವೇನು ಕೊಡುತ್ತಿತ್ತು?

1958ರ ವಾಣಿಜ್ಯ ನೌಕಾಯಾನ ಕಾಯಿದೆಗೆ ಬದಲಾಗಿ ಸಂಸತ್ತು 2025ರ ಆಗಸ್ಟಿನಲ್ಲಿ ಹೊಸ ಶಾಸನವನ್ನು ಒಪ್ಪಿತು. ಭಾರತದ ಬಾವುಟ ಹಾರಿಸಲು ಇದ್ದ ಒಡೆತನದ ಬಿಗಿಯನ್ನು ಅದು ಸಡಿಲಿಸಿದೆ. ಹೆಚ್ಚು ಹಡಗುಗಳು ನಮ್ಮ ದಫ್ತರಕ್ಕೆ ಬಂದರೆ ನಮ್ಮ ಅಧಿಕಾರಿಗಳ ಕಣ್ಣಿಗೂ ಬೀಳುತ್ತವೆ ಎಂಬುದು ನಿಜ. ಆದರೆ ದಫ್ತರ ಬೆಳೆದಂತೆ ತನಿಖಾಧಿಕಾರಿಗಳ ಸಂಖ್ಯೆ ಬೆಳೆಯದಿದ್ದರೆ ಬಾವುಟವೊಂದೇ ಬದಲಾದೀತು.

ನಮ್ಮ ಕರಾವಳಿಗೆ ಇದು ದೂರದ ಸುದ್ದಿಯಲ್ಲ. 2022ರ ಜೂನಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಬಳಿ ಮುಳುಗಿದಾಗ 15 ಮಂದಿ ಸಿರಿಯದ ನಾವಿಕರನ್ನು ನಮ್ಮ ತೀರರಕ್ಷಕರು ಉಳಿಸಿದರು. 2025ರ ಜೂನಿನಲ್ಲಿ ‘ವಾನ್ ಹಾಯ್ 503’ ಹೊತ್ತಿ ಉರಿದಾಗ ಪಾರಾದ 18 ಮಂದಿಯನ್ನು ತಂದಿಳಿಸಿದ್ದು ಮಂಗಳೂರಿನಲ್ಲಿ. ನಾಲ್ವರು ಕಾಣೆಯಾದರು. ಅದರ ಮೇಲಿದ್ದುದು ಸಿಂಗಾಪುರದ ಬಾವುಟ. ಒಳ್ಳೆಯ ಹೆಸರುಳ್ಳ ಬಾವುಟವೂ ಬೆಂಕಿಯನ್ನು ತಡೆಯಲಾರದು.

ಮಗನು ಹಡಗಿನ ಕೆಲಸಕ್ಕೆ ಹೊರಟಿದ್ದಾನೆಂದು ಸಂತೋಷದಿಂದ ಹೇಳಿಕೊಳ್ಳಲು ನಮ್ಮ ಕಚೇರಿಗೆ ಬರುವ ತಂದೆಯರು ಉಂಟು. ಸಂಬಳವೆಷ್ಟೆಂದು ಅವರಿಗೆ ಗೊತ್ತಿರುತ್ತದೆ, ಬಾವುಟ ಯಾವುದೆಂದು ಗೊತ್ತಿರುವುದಿಲ್ಲ. 2015ರಲ್ಲಿ ಭಾರತ ಒಪ್ಪಿದ ನಾವಿಕ ಕಾರ್ಮಿಕ ಒಡಂಬಡಿಕೆಯಂತೆ, ಎರಡು ತಿಂಗಳು ಸಂಬಳ ಕೊಡದ ಮಾಲಿಕನು ನಾವಿಕರನ್ನು ಕೈಬಿಟ್ಟವನೆಂದೇ ಲೆಕ್ಕ. ಆಗ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಹಾಗೂ ಊರಿಗೆ ಮರಳುವ ವೆಚ್ಚಕ್ಕೆ ವಿಮೆ ಮೊದಲೇ ಇರತಕ್ಕದ್ದು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗಹಾಕಿರಬೇಕು. ನೇಮಕ ಮಾಡುವ ಏಜಂಟನಿಗೆ ಮಹಾನಿರ್ದೇಶನಾಲಯದ ಪರವಾನಿಗೆ ಉಂಟೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲು, ಕಾಂಜೂರ್ ಮಾರ್ಗದವರೆಗೆ ಹೋಗಿಯಾದರೂ ಕೇಳಿ ತಿಳಿಯಬಹುದು.