ಡಿಸೆಂಬರಿನಲ್ಲಿ ಗಿಡ ಹಚ್ಚಬ್ಯಾಡ್ರಿ

ಪ್ರತಿ ವರ್ಷ ಎಳ್ಳಮಾಸಿ ಹೊತ್ತಿಗೆ ಇದೇ ಮೆರವಣಿಗೆ. ಬೆಂಗಳೂರು, ಹೈದರಾಬಾದಿನಿಂದ ರಜೆ ಹಾಕಿ ಬೀದರಿಗೆ ಬಂದ ನಮ್ಮಂಥವರು ಹೊಲದಲ್ಲಿ ಊಟ ಮುಗಿಸಿ, ವಾಪಸ್ ಬರುವಾಗ ನರ್ಸರಿ ಮುಂದೆ ಗಾಡಿ ನಿಲ್ಲಿಸ್ತಾರೆ. ಗುಲಾಬಿ, ಸೇವಂತಿ ತುಂಬಿ ಅರಳಿರ್ತವೆ. ಫೋಟೊ ಚೆನ್ನಾಗಿ ಬರ್ತದೆ. ಆರು ಗಿಡ ತಂದು ಅವ್ವನ ಅಂಗಳದಲ್ಲಿ ಹಚ್ಚಿ, ಮರುದಿನ ಬಸ್ ಹತ್ತೋದು. ನಾನೂ ಮೂರು ವರ್ಷ ಇದನ್ನೇ ಮಾಡಿದೆ. ಹದಿನೆಂಟರಲ್ಲಿ ಉಳಿದದ್ದು ಒಂದು ದಾಸವಾಳ.

ತಪ್ಪು ನರ್ಸರಿಯವರದಲ್ಲ, ಥಂಡಿಯದೂ ಅಲ್ಲ. ನಮ್ಮ ಲೆಕ್ಕದ್ದು.

ಇಂಗ್ಲಿಷ್ ತೋಟಗಾರಿಕೆ ಪುಸ್ತಕ ತೆಗೆದರೆ, ವರ್ಷಾನುಗಟ್ಟಲೆ ಬಾಳುವ ಹೂಗಿಡವನ್ನು ವಸಂತದಲ್ಲಿ ಹಚ್ಚಿ, ಇಲ್ಲಾ ನೆಲ ಹೆಪ್ಪುಗಟ್ಟುವ ಕೆಲವು ವಾರ ಮೊದಲು ಹಚ್ಚಿ ಅಂತ ಇರ್ತದೆ. ಅವರಿಗೆ ಸರಿ. ಅಲ್ಲಿ ಗಿಡ ಕೊಲ್ಲೋದು ಜನವರಿ, ಅದಕ್ಕೇ ಜನವರಿಯಿಂದ ಹಿಂದಕ್ಕೆ ಎಣಿಸ್ತಾರೆ. ಬೀದರಿನ ಥಂಡಿಯೂ ಹೆಸರುವಾಸಿಯೇ. ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯೋದು ಹೊಸದಲ್ಲ. ಆದರೆ ನಮ್ಮ ನೆಲ ಹೆಪ್ಪುಗಟ್ಟಲ್ಲ. ಇಲ್ಲಿ ಗಿಡ ಕೊಲ್ಲೋದು 40 ಡಿಗ್ರಿ ದಾಟುವ ಮೇ. ಎಣಿಸೋದಿದ್ರೆ ಅಲ್ಲಿಂದ ಹಿಂದಕ್ಕೆ ಎಣಿಸ್ರಿ. ಡಿಸೆಂಬರಿನಲ್ಲಿ ಹಚ್ಚಿದ ಮಲ್ಲಿಗೆ ಥಂಡಿಗೆ ಮುದುರಿ ಕೂತಿರ್ತದೆ, ಬೇರು ಬಿಡೋದು ನಿಧಾನ. ಫೆಬ್ರವರಿಗೆ ಕಣ್ಣು ತೆರೀತದೆ, ಮಾರ್ಚಿಗೆ ಬಿಸಿಲು ಹೊಡೀತದೆ. ಮಿರಗದ ಮಳೆ ನೆಲ ನೆನೆಸಿದ ಮೇಲೆ, ಜೂನ್ ಕೊನೆಗೋ ಜುಲೈಗೋ ಹಚ್ಚಿದರೆ ಅದೇ ಮಲ್ಲಿಗೆಗೆ ಎಂಟು ತಿಂಗಳು ಸಿಗ್ತದೆ.

ಮಣ್ಣಿಂದ ಮಣ್ಣಿಗೆ ಲೆಕ್ಕ ಬೇರೆ. ಬೀದರ್ ನಗರ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ನೀರು ನಿಲ್ಲಲ್ಲ, ಆದರೆ ಗುದ್ದಲಿ ಒಂದು ಮೊಳಕ್ಕೇ ಖಣ್ ಅನ್ನುತ್ತೆ. ಮೇ ತಿಂಗಳಲ್ಲೇ ಗುಂಡಿ ತೋಡಿ, ತಿಪ್ಪೆ ಗೊಬ್ಬರ ತುಂಬಿಡಬೇಕು. ಭಾಲ್ಕಿ, ಔರಾದ್ ಕಡೆ ಎರೆ ಭೂಮಿ ಹೆಚ್ಚು. ಜೋರು ಮಳೆಯಲ್ಲಿ ಅದು ನೀರು ಕುಡಿದು ಉಬ್ಬಿ ಬೇರಿಗೆ ಉಸಿರಾಡೋಕೆ ಬಿಡಲ್ಲ. ಬೇಸಿಗೆಗೆ ಬಿರಿದು ಬೇರನ್ನೇ ಹರೀತದೆ. ಅಲ್ಲಿ ಮಣ್ಣು ಏರಿಸಿ ದಿಬ್ಬದ ಮೇಲೆ ಹಚ್ರಿ, ಮಳೆ ಬಿಡುವು ಕೊಟ್ಟಾಗ ಆಗಸ್ಟಿನಲ್ಲಾದ್ರೂ ನಡೀತದೆ. ಇನ್ನು ಸೇವಂತಿ ಹಗಲು ಸಣ್ಣದಾದಾಗ ಮೊಗ್ಗು ಕಟ್ಟುವ ಗಿಡ. ಮಳೆಗಾಲದಲ್ಲಿ ಬುಡದ ಮರಿ ಕಿತ್ತು ಹಚ್ಚಿದರೆ ಥಂಡಿಗೆ ಹೂ. ಅರಳಿ ನಿಂತದ್ದನ್ನು ಡಿಸೆಂಬರಿನಲ್ಲಿ ಕೊಳ್ಳೋದು ಕ್ಲೈಮ್ಯಾಕ್ಸ್ ಹೊತ್ತಿಗೆ ಟಿಕೆಟ್ ತಗೊಂಡಂಗೆ.

ಬರೀ ಗಿಡದ ಮಾತಾಗಿದ್ರೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಳ ಬಾರದ ದಿನ ಅವ್ವ ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು ಬಕೆಟ್ಟಿಗೆ ಕೂಡಿಸಿ ನನ್ನ ಗುಲಾಬಿಗೆ ಹೊತ್ತಳು. ‘ಮಗ ಹಚ್ಚಿ ಹೋಗ್ಯಾನ’ ಅಂತ. ನಾನು ಕೋರಮಂಗಲದಲ್ಲಿ ಕೂತು ವಿಡಿಯೊ ಕಾಲ್‌ನಲ್ಲಿ ‘ದಿನಾ ನೀರು ಹಾಕ್ತಿಯೇನು?’ ಅಂತ ವಿಚಾರಿಸ್ತಿದ್ದೆ.

ರಜೆ ಸಿಗೋದೇ ಡಿಸೆಂಬರಿನಲ್ಲಿ ಅಂತೀರಿ. ಸ್ವಾತಂತ್ರ್ಯ ದಿನಕ್ಕೆ ಒಂದೆರಡು ದಿನ ಜೋಡಿಸಿ ಗೋವಾಕ್ಕೆ ಹೋಗೋಕೆ ಆಗ್ತದಲ್ಲ, ಬೀದರಿಗೂ ಬಸ್ಸಿದೆ.

ಹೋದ ವರ್ಷ ಜುಲೈನಲ್ಲಿ ಎರಡೇ ಹಚ್ಚಿದೆ, ಒಂದು ಕಾಕಡಾ, ಒಂದು ನಂದಿಬಟ್ಟಲು. ಹೂವಿಲ್ಲ, ಕಡ್ಡಿಯಂಗಿದ್ವು. ಫೋಟೊ ತಗೊಳ್ಳಲಿಲ್ಲ. ಈ ಮೇ ತಿಂಗಳು ಅವ್ವ ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಹಾಕಿದ್ಲಂತೆ, ಅಷ್ಟೇ.