ಪಂಚಾಯತ್ ಲೆಕ್ಕ ನೋಡುವವರ ಮೇಲೆ ಯಾರಿರಬೇಕು?

ಗದಗ ಜಿಲ್ಲೆ ರೋಣ ತಾಲೂಕಿನ ಜಕ್ಕಲಿ, ಕರ್ನಾಟಕ ಏಕೀಕರಣಕ್ಕೆ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು. ಕರಾವಳಿಯಿಂದ ಇಲ್ಲಿಗೆ ಬಂದು ಮಕ್ಕಳಿಗೆ ಪಾಠ ಹೇಳುವ ನಮ್ಮಲ್ಲಿ ಮೊನ್ನೆ ಹಿರಿಯರೊಬ್ಬರು ಕೇಳಿದರು: “ರೊಕ್ಕ ಕೊಡೋರೂ ಸರಕಾರದವ್ರು, ಲೆಕ್ಕ ನೋಡೋರೂ ಸರಕಾರದವ್ರು. ಹಂಗಾದ್ರ ನಾವು ಯಾರನ್ನ ಕೇಳಬೇಕ್ರಿ ಹಜರತ್?”

ಪ್ರಶ್ನೆ ಜಕ್ಕಲಿಗೆ ಮಾತ್ರ ಸೇರಿದ್ದಲ್ಲ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಪಂಚಾಯತ್‌ಗಳಿಗೆ ಮನೆ ತೆರಿಗೆ, ನೀರಿನ ಬಿಲ್ಲು ಕಟ್ಟುವ ನಮ್ಮ ಮನೆಗಳಿಗೂ ಸೇರಿದ್ದು.

ಈಗಿನ ಪದ್ಧತಿ ಹೀಗುಂಟು. ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳ ಲೆಕ್ಕ ನೋಡುವುದು ಸಿಎಜಿ, ಅಂದರೆ ಭಾರತದ ಮಹಾಲೆಕ್ಕಪರಿಶೋಧಕರು. ಸಂವಿಧಾನದ 148ನೇ ವಿಧಿ ಅವರಿಗೆ ಸ್ವತಂತ್ರ ಸ್ಥಾನ ಕೊಟ್ಟಿದೆ. ಸುಪ್ರೀಂ ಕೋರ್ಟ್ ನ್ಯಾಯಾಧೀಶರಂತೆಯೇ ಅವರನ್ನೂ ಸುಲಭವಾಗಿ ತೆಗೆದುಹಾಕಲು ಆಗುವುದಿಲ್ಲ. ಆದರೆ ನಮ್ಮ ಮನೆ ಬಾಗಿಲಿಗೆ ಹತ್ತಿರದ ಗ್ರಾಮ ಪಂಚಾಯತ್‌ನ ಲೆಕ್ಕ ನೋಡುವುದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ಅದು ಇರುವುದು ರಾಜ್ಯದ ಆರ್ಥಿಕ ಇಲಾಖೆಯ ಕೈಕೆಳಗೆ. ಲೆಕ್ಕ ಇಡುವ ಪಿಡಿಒ ಸರಕಾರದ ನೌಕರ, ಲೆಕ್ಕ ನೋಡುವ ಆಡಿಟರ್ ಸಹ ಅದೇ ಸರಕಾರದ ನೌಕರ.

ನಮ್ಮ ಜಮಾಅತಿನ ಮಹಾಸಭೆಯನ್ನೇ ನೋಡಿ. ಕೋಶಾಧಿಕಾರಿ ಓದುವ ಲೆಕ್ಕವನ್ನು ಪರಿಶೀಲಿಸಿದ್ದು ಅವರದೇ ಅಂಗಡಿಯ ರೈಟರ್ ಎಂದು ಗೊತ್ತಾದರೆ ಹಿಂದಿನ ಸಾಲಿನವರು ಸುಮ್ಮನೆ ಕೂರುತ್ತಾರಾ? ರೈಟರ್ ಕಳ್ಳ ಎಂದಲ್ಲ. ಸಂಬಳ ಕೊಡುವ ಧಣಿಯ ಲೆಕ್ಕದಲ್ಲಿ ತಪ್ಪು ತೋರಿಸುವುದು ಯಾರಿಗೂ ಕಷ್ಟವೇ.

ಹಾಗಾದರೆ ಎಲ್ಲವನ್ನೂ ಸಿಎಜಿಯೇ ನೋಡಲಿ ಎನ್ನಬಹುದು. ರಾಜ್ಯದ ಸುಮಾರು 6000 ಗ್ರಾಮ ಪಂಚಾಯತ್‌ಗಳಿಗೆ ಪ್ರತಿ ವರ್ಷ ಅವರ ಜನ ಹೋಗುವುದು ಆಗುವ ಮಾತಲ್ಲ. ನಾವು ಹೇಳುವುದು ಇಷ್ಟೆ: ಈಗಿನ ಆಡಿಟರುಗಳೇ ಕೆಲಸ ಮಾಡಲಿ, ಅವರ ಮೇಲಿನ ಹಿಡಿತ ಮಾತ್ರ ಆರ್ಥಿಕ ಇಲಾಖೆಯಿಂದ ತಪ್ಪಲಿ. ಅವರ ಮೇಲ್ವಿಚಾರಣೆ ಸಿಎಜಿಗೆ ಹೋಗಲಿ, ವರದಿ ವಿಧಾನಮಂಡಲಕ್ಕೆ ಹೋಗಲಿ. ಇದು ನಮ್ಮ ತಲೆಯಲ್ಲಿ ಹುಟ್ಟಿದ ಹೊಸ ಮಾತೇನೂ ಅಲ್ಲ. ಪಂಚಾಯತ್ ಲೆಕ್ಕಗಳ ಮೇಲ್ವಿಚಾರಣೆ ಸಿಎಜಿಗೆ ಕೊಡಿ ಎಂದು 11ನೇ ಹಣಕಾಸು ಆಯೋಗ 2000ದಲ್ಲೇ ಹೇಳಿತ್ತು. ಗ್ರಾಮ ಪಂಚಾಯತ್‌ಗಳ ಮಟ್ಟಿಗೆ ಸಿಎಜಿಗೆ ದಕ್ಕಿದ್ದು ತಾಂತ್ರಿಕ ಮಾರ್ಗದರ್ಶನ ಮಾತ್ರ. ದಾರಿ ತೋರಿಸಬಹುದು, ಕೈ ಹಿಡಿದು ನಡೆಸುವಂತಿಲ್ಲ.

ದಿಲ್ಲಿಯ ಕೈ ನಮ್ಮ ಪಂಚಾಯತ್‌ಗೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಮಾತೇ. ಆದರೆ ಸಂವಿಧಾನದ 243ಜೆ ವಿಧಿ ಪಂಚಾಯತ್ ಲೆಕ್ಕಪರಿಶೋಧನೆಯ ಕಾನೂನು ಮಾಡುವ ಅಧಿಕಾರವನ್ನು ರಾಜ್ಯ ವಿಧಾನಮಂಡಲಕ್ಕೇ ಕೊಟ್ಟಿದೆ. ನಮ್ಮ ಶಾಸಕರೇ ಕೂತು ಕಾನೂನು ಮಾಡಿದರೆ ಅದು ಹೇರಿಕೆ ಆಗುವುದು ಹೇಗೆ?

ಮೇಲೆ ಯಾರೂ ಬೇಡ ಎಂದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡ್ ಸಾಕ್ಷಿ. ಅಲ್ಲಿ ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡಿಸುತ್ತಿದ್ದ ಆಡಿಟ್ ಕಮಿಷನ್ ಅನ್ನು 2015ರಲ್ಲಿ ಮುಚ್ಚಿದರು. ಮುಂದೆ ಲೆಕ್ಕಗಳು ವರ್ಷಗಟ್ಟಲೆ ಬಾಕಿ ಬಿದ್ದವು. 2024ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರವೇ ಹೊಸ ಕಚೇರಿ ತೆರೆಯುತ್ತೇವೆ ಎಂದು ಹೇಳಬೇಕಾಯಿತು.

ಕಾನೂನು ಬದಲಾಗುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ವರ್ಷಕ್ಕೊಮ್ಮೆ ಪಂಚಾಯತ್ ಜಮಾಬಂದಿ ಉಂಟು, ಗ್ರಾಮಸಭೆ ಉಂಟು. ಅಲ್ಲಿಗೆ ಹೋಗಿ ಒಂದೇ ಮಾತು ಕೇಳಿ: “ಕಳೆದ ಆಡಿಟ್ ವರದಿಯ ಆಕ್ಷೇಪಣೆಗಳನ್ನು ಓದಿ ಹೇಳಿ, ಎಷ್ಟು ತೀರಿದೆ, ಎಷ್ಟು ಬಾಕಿ ಉಂಟು?” ಗಂಡಸರು ಮಾತ್ರ ಅಲ್ಲ, ಮನೆಯ ಹೆಂಗಸರೂ ಹೋಗಲಿ. ನಲ್ಲಿಯಲ್ಲಿ ನೀರು ಬಾರದ ಲೆಕ್ಕ ಮೊದಲು ಗೊತ್ತಾಗುವುದು ಅವರಿಗೇ.

ಜಕ್ಕಲಿಯ ಆ ಹಿರಿಯರಿಗೆ ನಾವು ಕೊಟ್ಟ ಉತ್ತರವೂ ಇದೇ: ಮೇಲಿನವರು ಯಾರೆಂದು ವಿಧಾನಸೌಧ ತೀರ್ಮಾನಿಸಲಿ, ಕೆಳಗಿನವರು ನಾವೇ. ಕೇಳುವುದನ್ನು ಬಿಡುವುದು ಬೇಡ.