ಧರ್ಮದರ್ಶಿಗಳ ಹೆಗಲಿಗೂ ಜೋಳಿಗೆ

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಶರಣ ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಧರ್ಮಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಪ್ರಸಂಗವನ್ನು ಪ್ರವಚನಕಾರರು ಸಾಮಾನ್ಯವಾಗಿ ಆಸೆಯ ನಿಷೇಧವೆಂದು ವಿವರಿಸುತ್ತಾರೆ. ಅದು ಸರಿಯೇ. ಆದರೆ ಅಳತೆ ಕೇಳುವ ಅಧಿಕಾರ ಆ ತಾಯಿಗೆ ಎಲ್ಲಿಂದ ಬಂದಿತೆಂಬುದನ್ನೂ ವಿಚಾರಿಸಬೇಕು. ಅವರು ದಾಸೋಹದ ದುಡಿಮೆಯಲ್ಲಿ ಸಮಪಾಲುಗಾರರಾಗಿದ್ದರು. ಒಲೆಯ ಮುಂದೆ ಬೆಂದವರಾಗಿದ್ದರು. ದುಡಿಯದೆ ಲೆಕ್ಕವನ್ನಷ್ಟೇ ಕೇಳಿದವರಲ್ಲ.

ಇಂದು ಮಠಗಳ ಆಶ್ರಯದಲ್ಲಿ ನಡೆಯುವ ಉಚಿತ ಪ್ರಸಾದ ನಿಲಯ, ಪಾಠಶಾಲೆ, ಆಸ್ಪತ್ರೆಗಳಿಗೆ ವಿಶ್ವಸ್ಥ ಮಂಡಳಿಗಳಿವೆ. ಮಂಡಳಿಯ ಸದಸ್ಯರು ಸಭೆಗೆ ಬರುತ್ತಾರೆ, ಆಯವ್ಯಯಕ್ಕೆ ಒಪ್ಪಿಗೆ ಕೊಡುತ್ತಾರೆ, ನಡಾವಳಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಅಕ್ಕಿ, ಬೇಳೆ, ಅಡುಗೆಯವರ ಸಂಬಳಕ್ಕೆ ಹಣ ಸಾಲದೆಂಬ ಮಾತು ಬಂದೊಡನೆ ಎಲ್ಲರ ದೃಷ್ಟಿಯೂ ಪೂಜ್ಯರ ಕಡೆಗೆ ತಿರುಗುತ್ತದೆ. ‘ಬುದ್ಧಿಯವರು ಒಂದು ಮಾತು ಹೇಳಿದರೆ ಸಾಕು, ಭಕ್ತರು ಕೊಡುತ್ತಾರೆ’ ಎಂಬಲ್ಲಿಗೆ ಸಭೆ ಮುಗಿಯುತ್ತದೆ. ಇದು ಭಕ್ತಿಯ ಮಾತಿನಂತೆ ಕಂಡರೂ ಹೊಣೆಯಿಂದ ನುಣುಚಿಕೊಳ್ಳುವ ಮಾತು.

ಇದಕ್ಕೆ ಕಾರಣ ಇಲ್ಲದಿಲ್ಲ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ಅದಕ್ಕಾಗಿ ನಾಡನ್ನೆಲ್ಲ ಸುತ್ತಿದರು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಹಳ್ಳಿಹಳ್ಳಿಗೆ ಭಿಕ್ಷಾಟನೆಗೆ ಹೋಗಿ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. 2019ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದಾಸೋಹವೇ ಅವರ ಪೂಜೆಯಾಗಿತ್ತು. ಇಂಥ ಮಹಾತ್ಮರ ಜೋಳಿಗೆ ಸಮಾಜದ ಭಾಗ್ಯ. ಆದರೆ ಆ ಭಾಗ್ಯವೇ ಗೃಹಸ್ಥರ ಆಲಸ್ಯಕ್ಕೆ ನೆಪವಾಗಬಾರದು. ಮಠದ ಆಸ್ತಿಯನ್ನು ದಸ್ತಾವೇಜಿನಿಂದ ಉತ್ತರಾಧಿಕಾರಿಗೆ ಒಪ್ಪಿಸಬಹುದು. ಒಬ್ಬ ವ್ಯಕ್ತಿಯ ತಪಸ್ಸಿನ ಮೇಲೆ ಜನರಿಟ್ಟ ವಿಶ್ವಾಸವನ್ನು ಹಾಗೆ ನೋಂದಾಯಿಸಿ ವರ್ಗಾಯಿಸಲಾಗದು. ಹತ್ತಾರು ಸದಸ್ಯರು ನೂರಾರು ಮನೆಗಳೊಡನೆ ಸಂಬಂಧ ಬೆಳೆಸಿದ್ದರೆ ಮಾತ್ರ ಗುರುಗಳು ವೃದ್ಧರಾದಾಗಲೂ ಮಕ್ಕಳ ತಟ್ಟೆ ಬರಿದಾಗದು.

ಸದಸ್ಯನು ಮಾಡಬೇಕಾದ ಮೊದಲ ಕೆಲಸ ಬೇಡುವುದಲ್ಲ, ಕೊಡುವುದು. ತಾನು ಕೊಡದವನ ಕೋರಿಕೆಗೆ ಬಲವಿರುವುದಿಲ್ಲ. ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ವಚನಗಳ ಪ್ರಕಟಣೆಗಾಗಿ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ವಕೀಲಿ ವೃತ್ತಿಯಲ್ಲಿ ಸುಖವಾಗಿರಬಹುದಾಗಿದ್ದ ಆ ಮಹನೀಯರು ಸಮಾಜದ ಮುಂದೆ ಕೈಯೊಡ್ಡಿದಾಗ ‘ನೀವೇನು ಕೊಟ್ಟಿರಿ?’ ಎಂದು ಕೇಳುವ ಧೈರ್ಯ ಯಾರಿಗಿದ್ದೀತು? 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ‘ಸಪ್ತರ್ಷಿ’ಗಳು ಧನಿಕರಲ್ಲ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆಯವರಂಥವರು ತಮ್ಮ ಆಯುಷ್ಯವನ್ನೇ ಮೊದಲ ದೇಣಿಗೆಯಾಗಿ ಇಟ್ಟರು. ಆ ಬಳಿಕ ದಾನಿಗಳು ಬಂದರು. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿಯವರ ಹೆಸರಿನ ತಾಂತ್ರಿಕ ಮಹಾವಿದ್ಯಾಲಯ 1947ರಲ್ಲಿ ಆರಂಭವಾದುದು ಹೀಗೆ ಬೆಳೆದ ನಂಬುಗೆಯ ಫಲ. ಕೊಡುಗೆಯ ಮೊತ್ತ ಇಲ್ಲಿ ಮುಖ್ಯವಲ್ಲ. ನಿವೃತ್ತ ಶಿಕ್ಷಕನ ಐದುನೂರು ರೂಪಾಯಿಯೂ ವರ್ತಕನ ಐದು ಲಕ್ಷವೂ ಅವರವರ ಶಕ್ತಿಗೆ ತಕ್ಕ ದಾಸೋಹವೇ.

‘ಬೇಡುವುದು ನಮ್ಮಿಂದಾಗದು’ ಎನ್ನುವ ಸಂಕೋಚದ ಸದಸ್ಯರೂ ಇದ್ದಾರೆ. ತನಗಾಗಿ ಬೇಡುವುದು ಬೇರೆ, ಹಸಿದ ಮಕ್ಕಳಿಗಾಗಿ ಬೇಡುವುದು ಬೇರೆ. ಆದರೂ ನಾಲಿಗೆ ಏಳದಿದ್ದರೆ ಅಂಥವರು ಬೇರೆ ಕೆಲಸ ಹೊರಬಹುದು. ಪರಿಚಿತರೊಬ್ಬರನ್ನು ಪ್ರಸಾದದ ವೇಳೆಗೆ ಕರೆತಂದು ಮಕ್ಕಳ ಪಂಕ್ತಿಯಲ್ಲಿ ಕೂರಿಸುವುದು ಅರ್ಧ ತಾಸಿನ ಭಾಷಣಕ್ಕಿಂತ ಹೆಚ್ಚು ಫಲಕಾರಿ. ಕೊಟ್ಟವರ ಮನೆಗೆ ಹೋಗಿ, ಹಣ ಯಾವುದಕ್ಕೆ ವಿನಿಯೋಗವಾಯಿತೆಂದು ತಿಳಿಸಿ, ಶರಣಾರ್ಥಿ ಹೇಳಿ ಬರುವುದಂತೂ ಎಷ್ಟೋ ಸಂಸ್ಥೆಗಳಲ್ಲಿ ನಿಂತೇಹೋಗಿದೆ.

ಲೆಕ್ಕದ ವಿಷಯದಲ್ಲಿ ಬಸವಣ್ಣನವರೇ ಮಾದರಿ. ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದಾಗ ಅವರು ಲೆಕ್ಕ ಒಪ್ಪಿಸಿದರೆಂದೂ, ಹೊನ್ನು ಒಂದಿಷ್ಟೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆಂದು ಕೇಳಿ ಕೈಮುಗಿಯುತ್ತಾರೆ. ಭಂಡಾರಿಯು ಅಳುಕದೆ ಭಂಡಾರದ ಬಾಗಿಲು ತೆರೆದನೆಂಬುದೇ ಅದರಲ್ಲಿ ದೊಡ್ಡ ಮಾತು. ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ 2017ರಿಂದ ದಾನಿಗೆ ಆದಾಯ ತೆರಿಗೆಯ ವಿನಾಯಿತಿ ದೊರೆಯುತ್ತಿಲ್ಲ. ಇದನ್ನು ದಾನಿಗೆ ಮೊದಲೇ ತಿಳಿಸಿ, ಬ್ಯಾಂಕಿನ ಮೂಲಕ ಪಡೆದು, ಕೂಡಲೇ ರಸೀದಿ ಕೊಡುವಷ್ಟು ಶಿಸ್ತು ಸದಸ್ಯರಿಗಿರಬೇಕು.

ಇನ್ನು ಲಕ್ಕಮ್ಮನವರು ಹಿಂದಿರುಗಿಸುತ್ತಿದ್ದ ಹಣವೂ ಉಂಟು. ಗುತ್ತಿಗೆದಾರನಿಂದ, ಕೈಕೆಳಗಿನ ನೌಕರನಿಂದ ದಾಕ್ಷಿಣ್ಯದ ಒತ್ತಡದಲ್ಲಿ ಎತ್ತಿದ ಹಣ ದಾಸೋಹಕ್ಕೆ ಸಲ್ಲದು; ಮಂಡಳಿಯ ಸ್ಥಾನವನ್ನೇ ದೇಣಿಗೆಗೆ ಬೆಲೆಯಾಗಿ ಕೊಡುವುದೂ ವ್ಯಾಪಾರವೇ. ಕರ್ನಾಟಕದಲ್ಲಿ ‘ಡೊನೇಷನ್’ ಎಂಬ ಶಬ್ದಕ್ಕೆ ಸೀಟಿನ ಬೆಲೆ ಎಂಬ ಅರ್ಥ ಬಂದದ್ದು ದುರ್ದೈವ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ ರೂಪುಗೊಂಡದ್ದು 1984ರಲ್ಲಿ. ಪಾಲಕರ ಅಸಹಾಯಕತೆಯಿಂದ ಪೆಟ್ಟಿಗೆ ತುಂಬುವ ಮಂಡಳಿಗೆ ಜೋಳಿಗೆ ಹಿಡಿಯುವ ಅಗತ್ಯವೇ ಕಾಣದು. ಆದರೆ ಅಂಥ ಸಂಸ್ಥೆಯ ಗೋಡೆಯ ಮೇಲೆ ಶರಣರ ಭಾವಚಿತ್ರ ತೂಗುಹಾಕಲು ಯಾವ ಅರ್ಹತೆ ಉಳಿದೀತು?

ಪ್ರತಿ ಜೂನ್ ತಿಂಗಳಲ್ಲಿ ಪ್ರಸಾದ ನಿಲಯಗಳಿಗೆ ಹೊಸ ಮಕ್ಕಳು ಬರುತ್ತಾರೆ. ಅದಕ್ಕೆ ಮುಂಚೆಯೇ ಮಂಡಳಿಯ ಎಲ್ಲ ಸದಸ್ಯರ ಕಾಣಿಕೆ ಸಂದು, ರಸೀದಿ ಪುಸ್ತಕದ ಮೊದಲ ಹಾಳೆಗಳು ಅವರ ಹೆಸರಿನಲ್ಲಿಯೇ ಹರಿದಿರಬೇಕು. ಊರವರ ಮನೆಬಾಗಿಲಿಗೆ ಹೋಗುವುದು ಅನಂತರ. ಪೂಜ್ಯರನ್ನು ಕಷ್ಟಪಡಿಸುವುದು ಎಲ್ಲಕ್ಕಿಂತ ಕೊನೆಗೆ.